ಕಾಯಿನ್ನಿಗೆ ಅಕ್ಷತೆ ಹಾಕಿಸಿದ ಮಾವ

ಕ್ರಿಪ್ಟೋಕರೆನ್ಸಿಯ ಮೇಲೆ ಜಗತ್ತಿನಲ್ಲಿ ಎಷ್ಟೋ ಜನ ಸಾಕ್ಷ್ಯಚಿತ್ರ ತೆಗೆದಿರಬಹುದು. ಆದರೆ ಅದರ ಮೇಲೆ ಗುಲಾಬಿ ಪಕಳೆ ಉದುರಿಸಿ, ಹಿನ್ನೆಲೆಗೆ ನಾದಸ್ವರ ಹಾಕಿದವರು ನಮ್ಮ ಮಾವ ಒಬ್ಬರೇ! ಬೇಕಾದರೆ ಪಂಥ ಕಟ್ಟುತ್ತೇನೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ಅವರದೊಂದು ಸ್ಟುಡಿಯೋ. ಸುತ್ತಲಿನ ಮೂರು ತಾಲೂಕಿನ ಮದುವೆಗಳ ವಿಡಿಯೋ ತೆಗೆದೂ ತೆಗೆದೂ ಅವರಿಗೆ ಲೋಕವೇ ಮದುವೆಮನೆಯಾಗಿ ಕಾಣುತ್ತದೆ. ಪೆನ್ಷನ್ ಕಾಗದಕ್ಕೆ ಫೋಟೋ ಬೇಕೆಂದು ಬಂದ ಮೇಷ್ಟ್ರಿಗೂ "ಸ್ವಲ್ಪ ನಗ್ರೀ, ಹೆಣ್ಣಿನ ಕಡೆಯವ್ರು ನೋಡ್ತಿದಾರೆ" ಎಂದರಂತೆ. ಆ ಫೋಟೋದಲ್ಲಿ ಮೇಷ್ಟ್ರು ನಾಚಿಕೊಂಡಿದ್ದಾರೆ! ಇಷ್ಟು ಕ್ಯಾಮೆರಾ ಇಟ್ಟುಕೊಂಡ ಮನುಷ್ಯನ ಜೇಬಿನಲ್ಲಿರುವುದು ಮಾತ್ರ ಒತ್ತಿ ಒತ್ತಿ ಅಂಕಿ ಅಳಿಸಿಹೋದ ಕೀಪ್ಯಾಡ್ ಫೋನು. ಊರವರೆಲ್ಲ ಅದನ್ನು ನೋಡಿ ನಕ್ಕವರೇ.

ಇಂಥವರಿಗೆ ಕ್ರಿಪ್ಟೋ ಗೊಡವೆ ಯಾಕೆ ಬಂತು? ಅತ್ತೆಯಿಂದ ಬಂತು. ನಮ್ಮ ಅತ್ತೆ ಊರಿನ ಪಂಕ್ತಿಗಳಲ್ಲಿ ಪಾಯಸ ಬಡಿಸುವ ಖಾಯಂ ಹಕ್ಕುದಾರರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಕೆಟ್ ಹಿಡಿದು ಹೊರಟರೆಂದರೆ, ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಯ ಮೇಲೇ ಸುರಿಯುವಷ್ಟು ಪ್ರೀತಿ. ಹೋದ ವರ್ಷ ಅವರ ಸ್ಮಾರ್ಟ್‌ಫೋನಿಗೆ ಯಾರೋ ಒಬ್ಬ ಮಹಾನುಭಾವ ದಿನಾ ಬೆಳಿಗ್ಗೆ ದೇವರ ಚಿತ್ರ ಕಳಿಸಿ ಕಳಿಸಿ, ಕೊನೆಗೊಂದು ಆ್ಯಪು ಕಳಿಸಿದ. ಅದರೊಳಗೆ ಕೈಗೆ ಸಿಗದ, ಕಣ್ಣೆದುರೇ ಬೆಳೆಯುವ ಕಾಯಿನ್ನು! ಅತ್ತೆ ತಾವೂ ದುಡ್ಡು ಹಾಕಿದರು. ಒಳ್ಳೆಯದನ್ನು ಒಬ್ಬರೇ ತಿನ್ನಬಾರದಲ್ಲ, ಭಜನಾ ಮಂಡಳಿಯ ಹೆಂಗಸರಿಗೂ ಹೇಳಿ ಹಾಕಿಸಿದರು. ಒಂದು ಬೆಳಿಗ್ಗೆ ನೋಡಿದರೆ ಆ್ಯಪೂ ಇಲ್ಲ, ದೇವರ ಚಿತ್ರವೂ ಇಲ್ಲ.

ಹೆಂಗಸರು ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೇ ಚೆನ್ನಾಗಿತ್ತು. ಬರೀ ಮಾತು ಊರೆಲ್ಲ ಓಡಾಡಿತು. ಅತ್ತೆ ಭಜನೆ ಬಿಟ್ಟರು, ಮದುವೆ ಬಿಟ್ಟರು, ಪೇಟೆಗೆ ಇಳಿಯುವುದನ್ನೂ ಬಿಟ್ಟರು. ಮಾವ ಮದುವೆ ಮುಗಿಸಿ ಮನೆಗೆ ಬಂದಾಗ "ಪಾಯಸ ಯಾರು ಬಡ್ಸಿದ್ರು?" ಎಂದಷ್ಟೇ ಅತ್ತೆ ಕೇಳುತ್ತಿದ್ದರು.

ಹೀಗಿರುವಾಗ ಮಾವನ ಫೋನು ಬಂತು.

"ನಾನೊಂದು ಡಾಕ್ಯುಮೆಂಟರಿ ತೆಗೀತಿದೀನಿ ಮಾರಾಯ್ತಿ. ಕ್ರಿಪ್ಟೋದ್ದು. ಭಾನುವಾರ ಲೈಟ್ ಹಿಡಿಯೋಕೆ ಬಾ."

"ಕ್ರಿಪ್ಟೋ ಅಂದ್ರೆ ಎಂತ ಅಂತ ಗೊತ್ತಿದ್ಯಾ ಮಾವಾ ನಿಮ್ಗೆ?"

"ಬೇಕು ಅನ್ನೋರು ಒಂದ್ ಕಡೆ, ಬೇಡ ಅನ್ನೋರು ಒಂದ್ ಕಡೆ. ಎರಡು ಕಡೆಯವ್ರು ಇದ್ರೆ ಶೂಟಿಂಗ್ ನಂಗೆ ಹೊಸದಾ?"

ನಾನು ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಲೈಟ್ ಹಿಡಿಯುವುದು ಯಾವ ಮಹಾ ಎಂದು ಹೋದೆ. ಮೊದಲು ಕೊಪ್ಪದ ಅಡಿಕೆ ವ್ಯಾಪಾರಿಯೊಬ್ಬರ ಮಂಡಿ. "ಮುಟ್ಟೋಕಾಗ್ದ, ಮೂಸೋಕಾಗ್ದ ಮಾಲಿಗೆ ರೇಟು ಕಟ್ಟೋದು ಹೇಗ್ರೀ?" ಎಂದು ಅವರು ಚೆನ್ನಾಗಿಯೇ ಶುರುಮಾಡಿದ್ದರು. ಮಾತು ಮುಗಿಯುತ್ತಿದ್ದಂತೆ ಮಾವ ಅಭ್ಯಾಸಬಲದಿಂದ "ಹಾಂ, ಈಗ ಅಕ್ಷತೆ ಹಾಕಿ, ಇಲ್ಲಿ ನೋಡಿ!" ಎಂದುಬಿಟ್ಟರು. ಮಾವನ ಬ್ಯಾಗಿನಲ್ಲಿ ಅಕ್ಷತೆಯ ಪೊಟ್ಟಣ ಇಲ್ಲದ ದಿನವಿಲ್ಲ. ವ್ಯಾಪಾರಿಗಳೂ ಅಷ್ಟೇ ಭಕ್ತಿಯಿಂದ ಕ್ಯಾಮೆರಾಕ್ಕೆ ಅಕ್ಷತೆ ಹಾಕಿ, "ಊಟ ಎಲ್ಲಿಟ್ಕೊಂಡಿದೀರಿ?" ಎಂದು ಕೇಳಿದರು.

ಮಳೆ ದೇವರ ಊರಾದ ಕಿಗ್ಗದಲ್ಲಿ ಅರ್ಚಕರೊಬ್ಬರು ಸಿಕ್ಕಿದರು. "ಕಾಯಿನ್ ಯಾವಾಗ ಏರತ್ತೆ, ಯಾವಾಗ ಇಳಿಯತ್ತೆ ಹೇಳ್ಬಹುದಾ?" ಎಂದು ಮಾವ ಮೈಕು ಹಿಡಿದರು. ಅವರು ಗಾಬರಿಯಾಗಿ, "ಮಳೆ ಬರ್ಸೋದು, ನಿಲ್ಸೋದು ಕೇಳಿ ಮಾರಾಯ್ರೆ. ಇದು ನಮ್ ದೇವ್ರ ಇಲಾಖೆ ಅಲ್ಲ!" ಎಂದರು.

ಬಸರೀಕಟ್ಟೆಯಲ್ಲಿ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ನಿಜವಾದ ಕ್ರಿಪ್ಟೋ ಭಕ್ತರು. "ಮಧ್ಯೆ ದಲ್ಲಾಳಿ ಇಲ್ಲ, ಬ್ಯಾಂಕ್ ಇಲ್ಲ. ಒಬ್ಬ ಕೊಟ್ಟಿದ್ದು ಒಬ್ಬ ತಗೊಂಡಿದ್ದು ಎಲ್ರ ಕಂಪ್ಯೂಟರಲ್ಲೂ ಇರತ್ತೆ. ಯಾರೂ ಅಳ್ಸೋಕಾಗಲ್ಲ. ಮೋಸ ಮಾಡೋದು ಜನ, ಕಾಯಿನ್ ಅಲ್ಲ" ಎಂದು ವಿವರಿಸಿದರು. ಮಾವ ಕ್ಯಾಮೆರಾದಿಂದ ತಲೆಯೆತ್ತಿ, "ಅಂದ್ರೆ ನಮ್ಮೂರು! ಒಂದು ಮನೇಲಾಗಿದ್ದು ಎಲ್ರ ಮನೇಲೂ ದಾಖಲಾಗತ್ತೆ, ಅಳ್ಸೋಕಾಗಲ್ಲ" ಎಂದರು. ಕ್ರಿಪ್ಟೋದ ಬೆನ್ನೆಲುಬಾದ ಬ್ಲಾಕ್‌ಚೈನನ್ನು ಇಷ್ಟು ಸಲೀಸಾಗಿ ಹೇಳಲು ಗಣಿತದವಳಾದ ನನಗೂ ಬರುತ್ತಿರಲಿಲ್ಲ. ಆದರೆ ಹಾಗೆನ್ನುವಾಗ ಮಾವ ನಗುತ್ತಿರಲಿಲ್ಲ.

ಪ್ರದರ್ಶನ ಒಂದು ಭಾನುವಾರ ಮಧ್ಯಾಹ್ನ, ಕೊಪ್ಪದ ಸಮುದಾಯ ಭವನದಲ್ಲಿ. ಮೊದಲು ಸಿನಿಮಾ, ಆಮೇಲೆ ಊಟ. ಅಕ್ಷತೆ ಹಾಕಿದವರಿಗೆ ಊಟ ಹಾಕದೆ ಕಳಿಸುವುದುಂಟೆ? ಅತ್ತೆ ಬರುವುದೇ ಇಲ್ಲವೆಂದು ಹಟ ಹಿಡಿದಿದ್ದರು. "ಅಡುಗೆ ಭಟ್ರಿಗೆ ಪಾಯಸದ ಹದ ಗೊತ್ತಿಲ್ವಂತೆ ಮಾರಾಯ್ತಿ, ಮರ್ಯಾದೆ ಹೋಗತ್ತೆ" ಎಂದು ಮಾವ ಗೋಗರೆದ ಮೇಲೆ, ಹಿಂಬಾಗಿಲಿನಿಂದ ಬಂದು ಅಡುಗೆಮನೆಯಲ್ಲೇ ಕೂತರು.

ಪರದೆಯ ಮೇಲೆ ಕಾಯಿನ್ನಿನ ಬೆಲೆ ಏರಿದಾಗ ನಾದಸ್ವರ, ಬಿದ್ದಾಗ ಹೆಣ್ಣು ಒಪ್ಪಿಸುವ ಹೊತ್ತಿನ ಅಳುವ ಪಿಟೀಲು! ಭಜನಾ ಮಂಡಳಿಯ ಹೆಂಗಸರೂ ಸೇರಿ ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆಗ ಕೊನೆಯ ದೃಶ್ಯ ಬಂತು. ಒಂದು ದಿನವೂ ಕ್ಯಾಮೆರಾದ ಮುಂದೆ ನಿಲ್ಲದ ಮಾವ, ತಮ್ಮ ಸ್ಟುಡಿಯೋದ ಸ್ಟೂಲಿನ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದರು.

"ಆ ಕಾಯಿನ್ ನಮ್ಮೂರಿಗೆ ತಂದವ ನಾನು. ನನ್ ಹೆಂಡ್ತಿ ಬೇಡ ಬೇಡ ಅಂದ್ಲು. ನಾನೇ ಒತ್ತಾಯ ಮಾಡಿ ಅವಳ ಬಾಯಲ್ಲಿ ನಿಮ್ಗೆಲ್ಲ ಹೇಳ್ಸಿದ್ದು. ಇನ್ಮೇಲೆ ಆಡ್ಕೊಳ್ಳೋದಿದ್ರೆ ನನ್ನ ಆಡ್ಕೊಳ್ಳಿ."

ಅವರ ತಲೆಯ ಮೇಲೂ ಗುಲಾಬಿ ಪಕಳೆ ಉದುರಿತು. ಯಾರೂ ನಗಲಿಲ್ಲ. ಕೊನೆಗೆ ಭಜನಾ ಮಂಡಳಿಯ ಹಿರಿಯ ಹೆಂಗಸೊಬ್ಬರು ಕಣ್ಣೊರೆಸಿಕೊಂಡು, "ಆ ಕೀಪ್ಯಾಡ್ ಫೋನಲ್ಲಿ ಎಂತ ಕಾಯಿನ್ನು ಮಾರಾಯ್ರೆ!" ಎಂದರು. ನೋಡಿ, ಆಗ ಎದ್ದಿತು ನಗು!

ಎಲೆ ಹಾಕಿದರು. ಅನ್ನ, ಸಾರು ಆಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡರು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾಯಸದ ಬಕೆಟ್ ಹಿಡಿದು. ನೇರ ಭಜನಾ ಮಂಡಳಿಯ ಪಂಕ್ತಿಗೇ ಹೋದರು. ಅಂದು ಅಲ್ಲಿ ಒಬ್ಬರೂ ಎಲೆಗೆ ಕೈ ಅಡ್ಡ ಹಿಡಿಯಲಿಲ್ಲ.

ಎಲ್ಲರಿಗೂ ಬಡಿಸಿ ಕೊನೆಗೆ ಮಾವನ ಎಲೆಯ ಹತ್ತಿರ ಬಂದರು. "ಸುಳ್ ಹೇಳೋಕೂ ಒಂದು ಒಳ್ಳೆ ಫೋನ್ ಬೇಕು ಕಣ್ರೀ" ಎನ್ನುತ್ತಲೇ ಸೌಟಿನ ಮೇಲೆ ಸೌಟು ಪಾಯಸ ಸುರಿದರು.

ಮಾವನಿಗೆ ಶುಗರ್ ಇದೆ. ಅವರೂ ಕೈ ಅಡ್ಡ ಹಿಡಿಯಲಿಲ್ಲ.