ಜ್ವಾಳದ ದಂಟಿನ ಯುದ್ಧವಿಮಾನ

ನಾ ಯಾವ ಕೆಲಸಕ್ಕರ ಕೈ ಹಚ್ಚಲಿ, ಅದು ಮುಗಿಯೂದ್ರಾಗ ಬಸವಕಲ್ಯಾಣದ ಮಂದಿ ನಕ್ಕು ಮುಗಿಸಿರ್ತಾರ. ಎಪ್ಪತ್ತೊಂದರ ಯುದ್ಧ ಆದ ಮರುವರ್ಷ, ಕಾಲೇಜು ಬಿಟ್ಟು ಮನ್ಯಾಗ ಕುಂತಿದ್ದೆ. ಹುಮನಾಬಾದಿನ ಸಾಲಿ ಹೆಡ್‌ಮಾಸ್ತರ್ರು, "ಪ್ರದರ್ಶನಕ್ಕ ಯುದ್ಧದಾಗ ಹಾರಿದ ನ್ಯಾಟ್ ವಿಮಾನದ ಮಾದರಿ ಮಾಡಿಕೊಡ್ತಿಯೇನೋ?" ಅಂದ್ರು. ಹೂಂ ಅಂದೆ.

ಅಪ್ಪಂದು ದಲಾಲಿ ಮ್ಯಾಲ ಕಾಳು ಮಾರೂ ಅಡತ್ ದುಕಾನ. "ಕಾಲೇಜು ಅರ್ಧ, ತಬಲಾ ಅರ್ಧ, ಟೈಪಿಂಗ್ ಅರ್ಧ. ಇದು ಪೂರಾ ಆಗ್ಯಾದ ಅಂತ ಮಾಸ್ತರ್ ಅಂದ್ರ ನಿನ್ನ ಮನಸಿನಂಗ ಇರು. ಇಲ್ಲಂದ್ರ ಸೋಮವಾರದಿಂದ ದುಕಾನದಾಗ ಚೀಲ ತೂಗು" ಅಂದ. ನನಗ ತೊಗರಿ ಧೂಳು ಕಂಡ್ರ ಸೀನು.

೧. ಕಣ್ಣಾರೆ ಕಂಡಾಂವ

ಪೇಪರಿನ ಫೋಟೋದ ಮ್ಯಾಲ ಚೌಕಚೌಕ ಗೆರಿ ಎಳದು, ಅಸಲಿ ವಿಮಾನದ ಎಂಟನೇ ಪಾಲಿನಷ್ಟು ನಕಾಶೆ ತೆಗದೆ. ತಳ ಮಾತ್ರ ಫೋಟೋದಾಗ ಕಾಣಂಗಿಲ್ಲ. ಮಿಲ್ಟ್ರಿಯಿಂದ ಬಂದ ಓಣಿ ಕಾಕಾನ ಕೇಳಿದೆ.

"ಕಾಕಾ, ನ್ಯಾಟ್ ನೋಡೀರೇನ್ರಿ?"

"ಹತ್ತು ಸಲ! ನನ್ನ ತಲಿ ಮ್ಯಾಲಿಂದನೇ ಹೋಗ್ಯಾವ!"

"ತಳ ಹ್ಯಾಂಗಿರ್ತದ್ರಿ?"

ಕಾಕಾ ಚಹಾ ಬಸಿಗಿ ಸುರುವಿಕೊಂಡ. "ಅದ್ಹ್ಯಾಂಗ ಹೇಳಲೋ ತಮ್ಮಾ, ಸಪ್ಪಳ ಬಂದ ಕೂಡ್ಲೆ ಬ್ವಾರಲು ಬೀಳ್ತಿದ್ವಿ. ನಾ ನೋಡಿದ್ದು ಬರೇ ಮಣ್ಣು."

೨. ಎಡಗಡಿ ರೆಕ್ಕಿ

ಜ್ವಾಳದ ದಂಟಿನ ಬೆಂಡು ಹಗುರ, ಕೊಯ್ಯಾಕ ಮೆತ್ತಗ. ಮೈದಾ ಅಂಟು ಹಚ್ಚಿ ರೆಕ್ಕಿ ಕೂಡಿಸಿ, ಅಂಗಳದಾಗ ಒಣಗಾಕ ಇಟ್ಟು ಉಂಡು ಬರೂದ್ರಾಗ ಎಮ್ಮಿ ಎಡಗಡಿ ರೆಕ್ಕಿ ತಿಂದಿತ್ತು. ಬಡಿಗಿ ಹಿಡಿದು ಓಡಿದೆ. ಅವ್ವ ಅಡ್ಡ ಬಂದಳು.

"ಎಮ್ಮಿಗ್ಯಾಕ ಬಡೀತಿ? ಈ ಮನ್ಯಾಗ ನೀ ಹಿಡಿದ ಕೆಲಸ ಮುಗಿಸಿದ್ದು ಅದೊಂದೇ!"

೩. ಲಿಂಬಿಹಣ್ಣು

ಹ್ಯಾಂಗೋ ಮತ್ತೊಂದು ರೆಕ್ಕಿ ಮಾಡಿದೆ, ಬಣ್ಣ ಹಚ್ಚಿದೆ, ಸೈಕಲ್ ಬೇರಿಂಗಿನ ಛರ್ರೆ ಗುಂಡು ಕೂಡಿಸಿ ಗಾಲಿ ತಿರುಗೂವಂಗ ಮಾಡಿದೆ. ಹೊಂಡೂ ದಿನ ಅಪ್ಪ ಟೆಂಗಿನಕಾಯಿ, ಮೂರು ಲಿಂಬಿಹಣ್ಣು ಹಿಡಕೊಂಡು ನಿಂತಿದ್ದ.

"ಹೊಸಾ ಗಾಡಿ. ಪೂಜಿ ಇಲ್ದ ಹ್ಯಾಂಗ ಒಯ್ತಿ?"

"ಅಪ್ಪಾ, ಗಾಲಿಗಿಂತ ಲಿಂಬಿಹಣ್ಣೇ ದೊಡ್ಡದ..."

"ನೀ ಸುಮ್ಕಿರು" ಅಂದು ಗಾಲಿ ಬುಡಕ ಒಂದೊಂದು ಹಣ್ಣು ಇಟ್ಟು, ಒಡೀಲಿ ಅಂತ ವಿಮಾನ ಮ್ಯಾಲಿಂದ ಒತ್ತಿದ. ಹಣ್ಣು ಹಂಗೇ ಉಳದ್ವು. ಮೂರೂ ಗಾಲಿ ಮುರದ್ವು!

೪. ಹುಮನಾಬಾದ್

ಬಸ್‌ನ್ಯಾಗ ನಾ ಮಾರಿ ಉಬ್ಬಿಸಿಕೊಂಡು ಕುಂತಿದ್ದೆ, ಜೋಡಿ ಬಂದ ಅಪ್ಪ ಬಾಜೂಕ. ಕಂಡಕ್ಟರ್, "ವಿಮಾನ ಇಟ್ಕೊಂಡು ನಮ್ಮ ಬಸ್ ಯಾಕ ಹತ್ತೀರಿ?" ಅಂದ. ಅಪ್ಪ ನಗಲಿಲ್ಲ. ನನ್ನ ಕಡೆ ಬಾಗಿ ಮೆಲ್ಲಕ ಕೇಳಿದ, "ಅದಕ್ಕ ಗಾಲಿ ಇರಲೇಬೇಕೇನೋ?"

"ನೆಲದ ಮ್ಯಾಲಿದ್ರ ಬೇಕು. ಹಾರುವಾಗ ಹೊಟ್ಯಾಗ ಎಳಕೊಂತದ."

"ಹಂಗಾ" ಅಂದ. ಹುಮನಾಬಾದ್‌ನ್ಯಾಗ ಇಳದವನೇ ಒಂದು ಉಂಡಿ ಸುತಳಿ ತಂದು, ಸಾಲಿ ತೊಲಿಗಿ ವಿಮಾನ ತೂಗಹಾಕಿದ.

ಹೆಡ್‌ಮಾಸ್ತರ್ರು ಕನ್ನಡಕ ಏರಿಸಿ ನೋಡಿದ್ರು. "ಗಾಲಿ ಎಲ್ಲಿ? ಇನ್ನಾ ಪೂರಾ ಆಗಿಲ್ಲೇನು?"

ನನಗ ತೊಗರಿ ಚೀಲ ಕಣ್ಣಮುಂದ ಬಂದ್ವು, ಸೀನೂ ಬಂತು. ಅಷ್ಟ್ರಾಗ ಅಪ್ಪ ಮುಂದ ಬಂದ.

"ಪೂರಾ ಆಗ್ಯಾದ್ರಿ ಮಾಸ್ತರ್ರ. ಹಾರಾಕತ್ತದ, ಅದಕ್ಕ ಗಾಲಿ ಒಳಗವ. ಮಾಡಿದಾಂವನ ನೋಡ್ರಿ, ಹುಟ್ಟಿದಾಗಿಂದ ಒಂದು ದಿನಾನೂ ನೆಲಕ್ಕ ಇಳಿದಿಲ್ಲ!"