ನಮ್ಮ ಮಾವನಿಗೆ ಹೇಳಬೇಡಿ, ಕೇಳಿ

ನಮ್ಮ ಸೋದರಮಾವನನ್ನು ಮಾತಾಡಿಸಬೇಕಾದರೆ ಸ್ವಲ್ಪ ವ್ಯಾಕರಣ ಕಲಿತಿರಬೇಕು! 'ಬನ್ನಿ' ಎಂದರೆ ಬಾಗಿಲಲ್ಲೇ ನಿಲ್ಲುವ, 'ಕೂತ್ಕೊಳ್ಳಿ' ಎಂದರೆ ಕೂತಲ್ಲಿಂದ ಎದ್ದುಬಿಡುವ ಆಸಾಮಿ ಅವರು. ಅದನ್ನೇ 'ಬರ್ತೀರಾ?', 'ಕೂತ್ಕೊಳ್ತೀರಾ?' ಎಂದು ಕೇಳಿ ನೋಡಿ, ಬೆಣ್ಣೆಯಂಥ ಮನುಷ್ಯ!

ಹಗ್ಗ ಹೊಸೆದು ಸಂತೇಬೆನ್ನೂರು ಸಂತೆಯಲ್ಲಿ ಮಾರುವುದು ಅವರ ಕಸುಬು. ಒಮ್ಮೆ ಚನ್ನಗಿರಿ ಬಸ್ಸಿನಲ್ಲಿ ಹಗ್ಗದ ಹೊರೆಯೊಂದಿಗೆ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಮುಂದೆ ಹೋಗ್ರಿ, ಮುಂದೆ ಹೋಗ್ರಿ ಎಂದು ಕಂಡಕ್ಟರ್ ಗಂಟಲು ಹರಿದುಕೊಂಡ. ಮಾವ ಒಂದು ಹೆಜ್ಜೆ ಹಿಂದೆ ಬಂದರು! ಕೊನೆಗೆ ಪಕ್ಕದಲ್ಲಿದ್ದ ನಾನೇ ಗುಟ್ಟು ಹೇಳಿಕೊಟ್ಟೆ. ಆತ ಹಲ್ಲು ಕಚ್ಚಿಕೊಂಡು, "ಯಜಮಾನ್ರೇ, ಮುಂದೆ ಹೋಗ್ತೀರಾ?" ಎಂದ.

"ಅದಕ್ಕೇನಂತೆ, ಹೋಗಾನ ಬಿಡಪ್ಪ" ಎಂದು ಮಾವ ಡ್ರೈವರ್ ಪಕ್ಕದವರೆಗೂ ಹೋಗಿ ನಿಂತರು.

ಅವರ ಮದುವೆಯ ಕಥೆ ಇನ್ನೂ ಚೆನ್ನ. ಗಟ್ಟಿಮೇಳ ಮೊಳಗುತ್ತಿದೆ, ಐನೋರು 'ತಾಳಿ ಕಟ್ಟಪ್ಪ' ಎನ್ನುತ್ತಿದ್ದಾರೆ, ಮಾವ ತಾಳಿ ಹಿಡಿದು ಗರ ಬಡಿದವರ ಹಾಗೆ ಕೂತಿದ್ದಾರೆ! ವಾಲಗದವರ ಕೆನ್ನೆ ಸೋತುಹೋಯಿತು. ನಮ್ಮಮ್ಮ ಅಳುವುದೊಂದು ಬಾಕಿ. ಆಗ ತಲೆ ತಗ್ಗಿಸಿ ಕೂತಿದ್ದ ಮದುಮಗಳು ಮೆಲ್ಲಗೆ "ಕಟ್ತೀರಾ?" ಎಂದು ಕೇಳಿದಳಂತೆ. ಅವಳಿಗೆ ಯಾರು ಹೇಳಿಕೊಟ್ಟಿದ್ದರೋ! ಮೂರು ಗಂಟೂ ಬಿದ್ದವು. ಅಂದಿನಿಂದ ನಮ್ಮ ಅತ್ತೆ ಗಂಡನಿಗೆ ಏನನ್ನೂ ಹೇಳಿದವರಲ್ಲ, ಬರೀ ಕೇಳಿದವರು.

ನನಗೆ ನ್ಯಾಮತಿಯಲ್ಲಿ ಟೀಚರ್ ಕೆಲಸ ಸಿಕ್ಕಿದ ಹೊಸತು. ಹೆಡ್‌ಮಾಸ್ಟರ ಕಾಟ ತಡೆಯಲಾರದೆ, ಇದು ನೌಕರಿಯಲ್ಲ, ಜೀತ ಎಂದು ಮಾವನ ಮುಂದೆ ಗೊಣಗಿದೆ. ಹಗ್ಗ ಹೊಸೆಯುತ್ತಿದ್ದ ಕೈ ನಿಂತಿತು. ಹಬ್ಬಕ್ಕೆ ಊರಿಗೆ ಬಿಡ್ತಾರಾ ಎಂದರು. ಬಿಡ್ತಾರೆ ಎಂದೆ. ಜ್ವರ ಬಂದರೆ? ರಜೆ ಕೊಡ್ತಾರೆ ಎಂದೆ.

"ಹಂಗಾದ್ರೆ ಅದು ಜೀತ ಹೆಂಗಾಯ್ತವ್ವ?" ಎಂದು ನಕ್ಕರು. "ಜೀತ ಅಂದ್ರೆ ನಿನ್ನ ಯಾರೂ ಏನೂ ಕೇಳಂಗಿಲ್ಲ. ಉಣ್ತೀಯಾ, ಮಲಗ್ತೀಯಾ, ಊಹೂಂ. ಬರೀ ಹೇಳ್ತಾರೆ."

ನನ್ನ ತಾತ ಮಾಡಿದ ಸಾಲಕ್ಕೆ ಮಾವ ಚಿಕ್ಕಂದಿನಲ್ಲೇ ಜಗಳೂರು ಕಡೆಯ ಒಂದು ದೊಡ್ಡ ಮನೆಯಲ್ಲಿ ಜೀತಕ್ಕಿದ್ದವರು. ಜೀತ ರದ್ದಾಯಿತೆಂದು ಸರ್ಕಾರ ಸಾರಿದ ಮೇಲೆಯೇ ಬಿಡುಗಡೆ. ಇದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಅವರ ವ್ಯಾಕರಣ ಅಲ್ಲಿಂದ ಬಂದದ್ದೆಂದು ನನ್ನ ಮಂಡೆಗೆ ಹೊಳೆದದ್ದು ಆವತ್ತೇ.

ಮುಂದೊಂದು ಬೇಸಿಗೆಯಲ್ಲಿ ಮಾವ ವಿಷಮಶೀತ ಜ್ವರದಿಂದ ಹಾಸಿಗೆ ಹಿಡಿದರು. ಊಟ ಬಿಟ್ಟರು. ಹೊಟ್ಟೆಗೆ ಏನೂ ಹೋಗದಿದ್ದರೆ ಉಳಿಯುವುದು ಕಷ್ಟ ಎಂದು ಹೊನ್ನಾಳಿಯ ಡಾಕ್ಟರು ಹೇಳಿಬಿಟ್ಟರು. ಅತ್ತೆ ಗಂಜಿ ಬಟ್ಟಲು ಹಿಡಿದು ಕುಡೀತೀರಾ ಎಂದು ಕೇಳುವುದು, ಮಾವ ಒಲ್ಲೆ ಎನ್ನುವುದು. ಕೇಳಿದ ಮೇಲೆ ಒಲ್ಲೆ ಎನ್ನಲೂ ಬಹುದಲ್ಲ! ಮತ್ತೆ ಕೇಳುವುದು, ಮತ್ತೆ ಒಲ್ಲೆ. ಸಂಜೆಗೆ ಮಾವನ ಕಣ್ಣು ತೇಲತೊಡಗಿದವು. ಅತ್ತೆಗೆ ತಡೆದುಕೊಳ್ಳಲಾಗಲಿಲ್ಲ.

"ಕುಡಿ" ಎಂದರು, ಅಳುತ್ತಾ. "ಕೇಳ್ತಿಲ್ಲ, ಹೇಳ್ತಿದೀನಿ. ಕುಡಿ ಅಂದ್ರೆ ಕುಡಿ!"

ಏಕವಚನ ಬೇರೆ! ಮಾವ ಅತ್ತೆಯ ಮುಖವನ್ನೇ ನೋಡಿದರು. ಆಮೇಲೆ ಬಾಯಿ ತೆರೆದರು.

ಎದ್ದು ಓಡಾಡುವಂತಾದ ಮೇಲೆ ನಾನು ಸುಮ್ಮನಿರಬೇಕಲ್ಲ, ರೇಗಿಸಿದೆ: "ಏನ್ ಮಾವ, ಕೊನೆಗೂ ಅತ್ತೆ ಹತ್ರ ಜೀತಕ್ಕೆ ಸೇರಿಬಿಟ್ರಲ್ಲ?"

ಮಾವ ನಗಲಿಲ್ಲ. ಒಳಗಿದ್ದ ಅತ್ತೆಗೆ ಕೇಳಿಸದಂತೆ ದನಿ ತಗ್ಗಿಸಿದರು.

"ಅಲ್ಲೂ ಜ್ವರ ಬರ್ತಿತ್ತು ಕಣವ್ವ. ಏಳು, ಕೆಲ್ಸ ಮಾಡು ಅನ್ನೋರು. ಗಂಜಿ ಕುಡಿ ಅಂತ ಅತ್ತೋರು ಯಾರೂ ಇರ್ಲಿಲ್ಲ."