ಒಳಭದ್ರತೆ ಪರೀಕ್ಷೆಗೆ ಹೊರಗೆ ನಿಂತವರು

— ಬಾಗಿಲು ತೆಗಿಯೇ, ತಾಲೀಮು ಮುಗೀತು.

— ಯಾರಪ್ಪಾ ನೀನು?

— ನಾನು ಕಣೇ, ನಿನ್ನ ಗಂಡ.

— ಬಂದೋರೆಲ್ಲಾ ಹಾಗೇ ಅಂತಾರೆ. ಗುರುತಿನ ಚೀಟಿ ತೋರ್ಸು.

ಹೊರಗಿದ್ದ ಸೆಕ್ಯುರಿಟಿ ಸೂಪರ್‌ವೈಸರನ ಪಿತ್ತ ನೆತ್ತಿಗೇರಿತು. ಗಿರಣಿಯ ಗೇಟಿನಲ್ಲಿ ಲಾರಿಗಳನ್ನೇ ತಡೆದು ನಿಲ್ಲಿಸುವ ಮನುಷ್ಯ ಬನಿಯನ್-ಪೈಜಾಮದಲ್ಲಿ ಸ್ವಂತ ಮನೆಯ ಮೆಟ್ಟಿಲ ಮೇಲೆ ನಿಂತಿದ್ದ. ಗುರುತಿನ ಚೀಟಿ ಒಳಗೆ ಗೂಟಕ್ಕೆ ತೂಗುಹಾಕಿದ ಅಂಗಿಯ ಜೇಬಿನಲ್ಲಿತ್ತು.

ತಪ್ಪು ಅವಳದು ಅನ್ನೋಣವೆಂದರೆ ಅದೂ ಆಗದು. ಆನ್‌ಲೈನ್ ವಿಶ್ವವಿದ್ಯಾಲಯವೊಂದರಲ್ಲಿ ದೇಶದ ಒಳಭದ್ರತೆಯ ಸರ್ಟಿಫಿಕೇಟಿಗೆ ಓದುತ್ತಿದ್ದವನು ಇವನೇ. ಅದು ಕೈಗೆ ಬಂದರೆ ಗಿರಣಿಯ ಭದ್ರತಾ ಅಧಿಕಾರಿಯ ಕುರ್ಚಿ ಇವನದು. ತಪ್ಪಿದರೆ ನಿವೃತ್ತಿಯವರೆಗೂ ಗೇಟೇ ಗತಿ. ಇವತ್ತು ಸಂಜೆ ಕೊನೆಯ ಪರೀಕ್ಷೆ. ಅಭ್ಯರ್ಥಿ ಕಲಿಸಿದ ಪಾಠ ಮನೆಯವರ ತಲೆಗೆ ಎಷ್ಟು ಹತ್ತಿದೆ ಎಂದು ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ ಬಂದು ನೋಡುತ್ತಾರೆ. ಅದಕ್ಕೇ ಮಧ್ಯಾಹ್ನದಿಂದ ಹೆಂಡತಿಗೆ ಕಂಠಪಾಠ ಮಾಡಿಸಿದ್ದ: ಗುರುತು ತೋರಿಸದವರನ್ನು ಬಿಡಬಾರದು, ಆತುರಪಡಿಸುವವರನ್ನು ನಂಬಬಾರದು, ಸ್ವತಃ ನಾನೇ ಬಂದರೂ ಸರಿ. ಎಷ್ಟು ಕಲಿತಿದ್ದಾಳೆ ನೋಡೋಣವೆಂದು ಅಪರಿಚಿತನ ಹಾಗೆ ಹೊರಗೆ ಹೋಗಿ ಬಾಗಿಲು ತಟ್ಟಿದ್ದ.

— ಮೇಷ್ಟ್ರು ಬರೋ ಹೊತ್ತಾಯ್ತು, ಬೇಗ ತೆಗಿ.

— ಆತುರಪಡ್ಸೋರನ್ನ ನಂಬಬೇಡ ಅಂತ ನಮ್ಮೆಜಮಾನ್ರು ಹೇಳಿದಾರೆ.

— ಆ ಯಜಮಾನ ನಾನೇ ಕಣೇ.

ಮದುವೆಯಾದಂದಿನಿಂದ 'ರೀ' ಬಿಟ್ಟು ಬೇರೆ ಮಾತಿನಲ್ಲಿ ಕರೆಯದವಳ ಬಾಯಲ್ಲಿ ಏಕವಚನ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬರುತ್ತಿತ್ತು. ಅವಳಿಗೆ ಅದರ ರುಚಿ ಹತ್ತಿದೆ ಎಂಬ ಗುಮಾನಿ ಇವನಿಗೆ ಬಂತು. ಬೇಕಾದರೆ ಮನೆಯವರಿಗೆ ಮಾತ್ರ ಗೊತ್ತಿರುವ ಪ್ರಶ್ನೆ ಕೇಳಿ ಪರೀಕ್ಷೆ ಮಾಡು ಎಂದು ಅಂಗಲಾಚಿದ.

— ಸರಿ. ನಮ್ಮಣ್ಣ ಬಂದಾಗಲೆಲ್ಲಾ ನಮ್ಮೆಜಮಾನ್ರಿಗೆ ಹೊಟ್ಟೆನೋವು ಬರುತ್ತೆ. ಯಾಕೆ?

ಎದುರುಮನೆಯಾಕೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿಕೊಂಡಳು. ಇವನ ಕಣ್ಣಮುಂದೆ ಆ ಕುರ್ಚಿ ಬಂತು. ಮಾನ ಹೋದರೆ ಹೋಗಲಿ ಎಂದು ಕಿಟಕಿಗೆ ಬಾಯಿಟ್ಟ.

— ನೋವೂ ಇಲ್ಲ, ಗೀವೂ ಇಲ್ಲ. ನಿಮ್ಮಣ್ಣನ ಕೊರೆತ ತಡೆಯಕ್ಕಾಗ್ದೆ ಮುಸುಕು ಹಾಕ್ಕೊಂಡು ಮಲಗ್ತೀನಿ.

— ಹಾಗಾದ್ರೆ ಗೊತ್ತಾಯ್ತು ಬಿಡು. ನಮ್ಮೆಜಮಾನ್ರು ಸುಳ್ಳು ಹೇಳೋರಲ್ಲ. ನೀನು ಬೇರೆ ಯಾರೋ.

ಹೊಗಳಿದ್ದಾಯಿತು, ಗದರಿದ್ದಾಯಿತು, ಹೊಸ ಸೀರೆಯ ಆಸೆ ತೋರಿಸಿದ್ದೂ ಆಯಿತು. ಲಂಚ ಕೊಡಲು ಬಂದವನೆಂಬ ಅನುಮಾನ ಇನ್ನಷ್ಟು ಗಟ್ಟಿಯಾಯಿತೇ ಹೊರತು ಚಿಲಕ ಅಲ್ಲಾಡಲಿಲ್ಲ. ಕೊನೆಗೆ ಮೇಷ್ಟ್ರನ್ನೇ ಹಿಡಿದು ಜಾಡಿಸಿದ.

— ಆ ಮೇಷ್ಟ್ರು ಬರೀ ಪುಸ್ತಕದ ಬದನೆಕಾಯಿ. ಅವರ ನಿಯಮ ಕಟ್ಕೊಂಡು ನಿಂಗೇನಾಗ್ಬೇಕು? ನಾನೂ ಪಾಸಾಗಕ್ಕೆ ಅಂತ ತಲೆ ಆಡಿಸ್ತೀನಿ ಅಷ್ಟೇ.

— ಸ್ವಲ್ಪ ಜೋರಾಗಿ ಹೇಳಪ್ಪಾ. ಅವರಿಗೆ ಕೊನೇದು ಸರಿಯಾಗಿ ಕೇಳಿಸ್ಲಿಲ್ವಂತೆ.

ಕಿಟಕಿಯ ಪರದೆ ಸರಿಯಿತು. ಒಳಗೆ ಕಿಟಕಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪು, ಅದರ ತುಂಬ ಮೇಷ್ಟ್ರ ಮುಖ. ಹೊಟ್ಟೆನೋವಿನ ಪ್ರಶ್ನೆಗೂ ಮುಂಚೆಯೇ ಬಂದು ಕೂತಿದ್ದರಂತೆ. ಮುಗಿಯಿತು, ಇನ್ನು ಜನ್ಮಪೂರ್ತಿ ಗೇಟೇ ಎಂದು ಸೂಪರ್‌ವೈಸರು ಮೆಟ್ಟಿಲ ಮೇಲೆ ಕುಸಿದು ಕೂತ. ಒಳಗೆ ಮೇಷ್ಟ್ರು ಏನೇನೋ ಹೇಳಿ ಹೋದದ್ದು ಕೇಳಿಸಿತು. ಆಮೇಲೆ ಬಾಗಿಲು ತೆರೆಯಿತು.

— ಏಳ್ರೀ, ಪಾಸಾಗಿದೀರ. ಮನೆಯವರಿಗೆ ಇಷ್ಟು ಚೆನ್ನಾಗಿ ಕಲಿಸಿದೋರು ಇನ್ನೊಬ್ಬರಿಲ್ಲ ಅಂದ್ರು.

ಇವನ ಕಣ್ಣಲ್ಲಿ ನೀರೇ ಬಂತು. ಹೊರಗೆ ನಿಂತಿದ್ದವನ ವಿಷಯ ಏನೂ ಅನ್ನಲಿಲ್ಲವೇ ಎಂದು ಮೆಲ್ಲಗೆ ಕೇಳಿದ.

— ಅಂದ್ರಲ್ಲ. 'ಆ ಮನುಷ್ಯನ್ನ ಮಾತ್ರ ಯಾವ ಕಾರಣಕ್ಕೂ ಒಳಗೆ ಸೇರಿಸ್ಬೇಡಮ್ಮ' ಅಂದ್ರು. ಮದುವೆಗೆ ಮುಂಚೆ ಇಂಥ ಮಾತು ಹೇಳೋರು ನಮ್ಮನೇಲಿ ಒಬ್ಬರೂ ಇರ್ಲಿಲ್ಲ ನೋಡಿ.